ಸ್ಪಿತಿ ಕಣಿವೆಗೆ ಅಕ್ಕನ ಜೊತೆ: ಪರ್ಮಿಟ್, ತಲೆನೋವು ಮತ್ತು ಒಂದು ಹಳೇ ಪಾಸ್‌ಪೋರ್ಟ್

ಮೊನ್ನೆ ಬುಧವಾರ ರಾತ್ರಿ ಬೆಂಗಳೂರಿಗೆ ವಾಪಸ್ ಬಂದೆವು. ಮೂಗಿನ ತುದಿ ಇನ್ನೂ ಸುಲಿಯುತ್ತಿದೆ. ಬಟ್ಟೆಯ ಧೂಳು ಎರಡು ಸಲ ಒಗೆದರೂ ಪೂರ್ತಿ ಹೋಗಿಲ್ಲ. ಮರೆಯುವ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ, ಯಾಕೆಂದರೆ ಹೊರಡುವ ಮುಂಚೆ ನಾನೇ ಇಂಥದ್ದೊಂದನ್ನು ಹುಡುಕಿ ಹುಡುಕಿ ಸಾಕಾಗಿದ್ದೆ. ಸಿಕ್ಕಿದ್ದೆಲ್ಲ ಬೈಕಿನಲ್ಲಿ ಹೋಗುವ ಇಪ್ಪತ್ತೈದರ ಹುಡುಗರು ಬರೆದದ್ದು. ನನಗೆ 52, ಅಕ್ಕನಿಗೆ 58. ಅವಳಿಗೆ ಬಿಪಿ, ನನಗೆ ಮಂಡಿನೋವು. ಇದರ ಮೇಲೆ ಅಕ್ಕ ಈಗ ಅಮೆರಿಕದ ಪ್ರಜೆ. ಈ ಕೊನೆಯ ವಿಷಯ ನಮಗೆ ಎರಡು ದಿನ ತಿನ್ನುತ್ತದೆ ಅಂತ ಹೊರಡುವಾಗ ಇಬ್ಬರಿಗೂ ಗೊತ್ತಿರಲಿಲ್ಲ.

ಸ್ಪಿತಿ ಇರುವುದು ಹಿಮಾಚಲದಲ್ಲಿ, ಟಿಬೆಟ್ ಗಡಿಗೆ ಹತ್ತಿರ. ಅಲ್ಲಿನ ತಾಬೋ ಅನ್ನುವ ಹಳ್ಳಿಯಲ್ಲಿ 996ರಲ್ಲಿ ಕಟ್ಟಿದ ಬೌದ್ಧ ಮಠ ಇದೆ, ಮಣ್ಣಿನ ಕಟ್ಟಡ, ಇವತ್ತಿಗೂ ಲಾಮಾಗಳು ಅಲ್ಲಿ ಪೂಜೆ ಮಾಡುತ್ತಾರೆ. ಅದನ್ನು ನೋಡಬೇಕು ಅನ್ನುವುದು ಅಕ್ಕನ ಎಷ್ಟೋ ವರ್ಷದ ಆಸೆ. ಪ್ರತಿ ಸಲ ರಜೆಗೆ ಬಂದಾಗಲೂ ಮದುವೆ, ನಾಮಕರಣ, ಅಮ್ಮನ ಕಣ್ಣಿನ ಆಪರೇಷನ್ ಅಂತ ಮುಗಿದುಹೋಗುತ್ತಿತ್ತು. ಈ ಸಲ ಸೆಪ್ಟೆಂಬರಿನಲ್ಲಿ ಬಂದವಳು, "ಈಗ ಹೋಗದಿದ್ರೆ ಇನ್ನು ಮೊಣಕಾಲು ಬಿಡಲ್ಲ ಕಣೇ" ಅಂದಳು. ಅಷ್ಟೇ, ಟಿಕೆಟ್ ಬುಕ್ ಮಾಡಿದೆ.

ನಮ್ಮ ಏರಿಯಾದ ಟ್ರಾವೆಲ್ ಏಜೆಂಟ್ ಒಬ್ಬರನ್ನು ಕೇಳಿದೆ, ಪರ್ಮಿಟ್ ಏನಾದರೂ ಬೇಕಾ ಅಂತ. "ಏನೂ ಬೇಡ ಮೇಡಂ, ಆಧಾರ್ ಒಂದು ಇಟ್ಕೊಳ್ಳಿ ಸಾಕು" ಅಂದರು. ಅಕ್ಕನ ಪಾಸ್‌ಪೋರ್ಟ್ ಅಮೆರಿಕದ್ದು ಅಂತಲೂ ಹೇಳಿದೆ. "ಓಸಿಐ ಕಾರ್ಡ್ ಇದೆಯಲ್ವಾ? ಹಾಗಾದ್ರೆ ನಮ್ಮವರೇ ಆಯ್ತು" ಅಂದರು. (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್ ಅದು.) ನಾನೂ ನಂಬಿದೆ. ಸುಮ್ನೆ ನಂಬಿದೆ.

ಇದನ್ನು ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಭಾರತದ ಪ್ರಜೆಗಳಿಗೆ ಸ್ಪಿತಿಗೆ ಪರ್ಮಿಟ್ ಬೇಡ, ಗುರುತಿನ ಚೀಟಿ ಸಾಕು. ವಿದೇಶಿ ಪಾಸ್‌ಪೋರ್ಟ್ ಇದ್ದವರು ಶಿಮ್ಲಾ ಕಡೆಯಿಂದ ಕಿನ್ನೌರ್ ದಾಟಿ ಹೋಗುವುದಾದರೆ ಬೇಕು. ರೆಕಾಂಗ್ ಪಿಯೋ ಊರಿನಿಂದ ಮುಂದೆ ತಾಬೋವರೆಗಿನ ರಸ್ತೆ ಗಡಿಯ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿಗೆ ಬೇಕಾದ ಪರ್ಮಿಟ್ಟಿಗೆ ಎಲ್ಲರೂ ಇನ್ನರ್ ಲೈನ್ ಪರ್ಮಿಟ್ ಅನ್ನುತ್ತಾರೆ. ಓಸಿಐ ಇದ್ದರೂ ವಿನಾಯಿತಿ ಇಲ್ಲ. ಓಸಿಐ ಅಂದರೆ ಬಂದುಹೋಗುವುದಕ್ಕೆ ವೀಸಾ ಬೇಡ ಅಂತ, ಗಡಿ ಪ್ರದೇಶಕ್ಕೆ ಪರ್ಮಿಟ್ ಬೇಡ ಅಂತ ಅಲ್ಲ. ಅಷ್ಟೇಕೆ, ನಮ್ಮ ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ರಾತ್ರಿ ಉಳಿಯಬೇಕಾದರೂ ವಿದೇಶಿಯರಿಗೆ ಇಂಥದ್ದೇ ಒಂದು ಪರ್ಮಿಟ್ ಬೇಕು. ಚಿನ್ನದ ಬುದ್ಧನ ದೇವಸ್ಥಾನಕ್ಕೆ ಎಷ್ಟು ಸಲ ಹೋಗಿದ್ದೇವೆ, ಇದು ನನಗೆ ಗೊತ್ತೇ ಇರಲಿಲ್ಲ. ಮನಾಲಿ ಕಡೆಯಿಂದ ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವವರಿಗೆ ಈ ತಲೆನೋವಿಲ್ಲ. ಆದರೆ ಆ ದಾರಿಯಲ್ಲಿ ಬೇರೆ ತಲೆನೋವಿದೆ, ನಿಜವಾದ ತಲೆನೋವು. ಅದನ್ನು ಆಮೇಲೆ ಹೇಳುತ್ತೇನೆ.

ಗುರುವಾರ ಬೆಳಗಿನ ಜಾವ ಮೂರು ಗಂಟೆಗೆ ಮನೆ ಬಿಟ್ಟೆವು. ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿ. ಗುರುವಾರ ಶಿಮ್ಲಾ, ಶುಕ್ರವಾರ ಸರಾಹನ್, ಶನಿವಾರ ಮಧ್ಯಾಹ್ನ ರೆಕಾಂಗ್ ಪಿಯೋ. ಇಷ್ಟು ನಿಧಾನ ಯಾಕೆ ಅಂತ ಡ್ರೈವರ್‌ಗೂ ಆಶ್ಚರ್ಯ. ನಮ್ಮ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು, ಒಂದೇ ಸಲ ಮೇಲಕ್ಕೆ ಹಾರಬೇಡಿ ಅಂತ. ಪಿಯೋ ಸುಮಾರು 2,290 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿ ಬಸ್ ಸ್ಟ್ಯಾಂಡು, ತರಕಾರಿ ಅಂಗಡಿ, ಮೊಬೈಲ್ ರಿಪೇರಿ ಎಲ್ಲಾ.

ಹೋಟೆಲಿನಲ್ಲಿ ಗುರುತಿನ ಚೀಟಿ ಕೇಳಿದರು. ಅಕ್ಕ ಪಾಸ್‌ಪೋರ್ಟ್ ಕೊಟ್ಟಳು. ಕೌಂಟರಿನ ಹುಡುಗ ಅದನ್ನು ತಿರುಗಿಸಿ ನೋಡಿ, ವಿದೇಶಿಯರಿಗೆ ತುಂಬಿಸುವ ಸಿ ಫಾರ್ಮ್ ತೆಗೆದ. ಆಮೇಲೆ, "ದೀದಿ, ಮುಂದೆ ಎಲ್ಲಿಗೆ?" ಅಂದ. ತಾಬೋ ಅಂದೆವು. "ಪರ್ಮಿಟ್?"

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಹೊತ್ತಾಗಿತ್ತು, ಪರ್ಮಿಟ್ ಕೊಡುವ ಆಫೀಸು ಮುಚ್ಚಿತ್ತು. ಮಾರನೇ ದಿನ ಭಾನುವಾರ. ಸೋಮವಾರ ಬೆಳಗ್ಗೆವರೆಗೂ ಮಾಡುವುದು ಏನೂ ಇಲ್ಲ. ನಾನು ಏಜೆಂಟಿಗೆ ಫೋನ್ ಮಾಡಿ ರೇಗಾಡಿದೆ. ಅವರು, "ಅಲ್ಲೇ ಮಾಡಿಸ್ಬಹುದಲ್ವಾ ಮೇಡಂ, ದೊಡ್ಡ ವಿಷಯ ಅಲ್ಲ" ಅಂದರು. ಅದನ್ನು ಬೆಂಗಳೂರಿನಲ್ಲೇ ಹೇಳಿದ್ದರೆ ಶುಕ್ರವಾರವೇ ಪಿಯೋ ಮುಟ್ಟಿ ಶನಿವಾರ ಕೇಳಿನೋಡಬಹುದಿತ್ತು, ಅಥವಾ ಶಿಮ್ಲಾದಲ್ಲೇ ಮುಗಿಸಬಹುದಿತ್ತು.

ಭಾನುವಾರ ಮೇಲಿನ ಕಲ್ಪಾಕ್ಕೆ ಹೋದೆವು. ಎದುರಿಗೆ ಕಿನ್ನರ ಕೈಲಾಸ, ಸೇಬಿನ ತೋಟ, ಬಿಸಿಲು. ಅಕ್ಕ ಬೆಟ್ಟವನ್ನು ಸರಿಯಾಗಿ ನೋಡಲೇ ಇಲ್ಲ. "ಹುಟ್ಟಿದ್ದು ವಾಣಿವಿಲಾಸದಲ್ಲಿ, ಓದಿದ್ದು ಬಸವನಗುಡಿಯಲ್ಲಿ, ಈಗ ನಾನು ಫಾರಿನರ್ ಅಂತ ಅರ್ಜಿ ಹಾಕ್ಬೇಕು ನೋಡು" ಅಂತ ಒಂದೇ ಸಮ ಅಂದುಕೊಳ್ಳುತ್ತಿದ್ದಳು. ನಾನು ಸಮಾಧಾನ ಮಾಡುವ ಬದಲು, "ಪಾಸ್‌ಪೋರ್ಟ್ ಬದಲಾಯಿಸಿದ್ದು ನೀನೇ ತಾನೇ" ಅಂದುಬಿಟ್ಟೆ. ಮಧ್ಯಾಹ್ನದ ಊಟ ಇಬ್ಬರೂ ಮಾತಾಡದೆ ಮಾಡಿದೆವು.

ಸೋಮವಾರ ಹತ್ತು ಗಂಟೆಗೆ ಮುಂಚೆಯೇ ಹೋಗಿ ನಿಂತೆವು. ಬೇಕಾದದ್ದು ಇಷ್ಟು: ಅರ್ಜಿ ಫಾರ್ಮ್, ಪಾಸ್‌ಪೋರ್ಟಿನ ಜೆರಾಕ್ಸ್, ವೀಸಾ ಅಥವಾ ಓಸಿಐ ಕಾರ್ಡಿನ ಎರಡೂ ಬದಿಯ ಜೆರಾಕ್ಸ್, ಪಾಸ್‌ಪೋರ್ಟ್ ಸೈಜಿನ ಫೋಟೊಗಳು, ಯಾವತ್ತು ಎಲ್ಲಿ ಉಳಿಯುತ್ತೀರಿ ಅನ್ನುವ ಪಟ್ಟಿ. ಫೋಟೊ ನಮ್ಮ ಹತ್ತಿರ ಇರಲಿಲ್ಲ. ಬಜಾರಿಗೆ ಇಳಿದು ತೆಗೆಸಿಕೊಂಡು ಬಂದೆವು, ಇಳಿಯುವುದು ಸುಲಭ, ಹತ್ತುವುದು ಅಲ್ಲ, ಪಿಯೋದಲ್ಲಿ ಸಮತಟ್ಟು ಜಾಗ ಅಂತ ಇರುವುದೇ ಕಮ್ಮಿ. ದಯವಿಟ್ಟು ಊರಿನಿಂದಲೇ ಆರು ಫೋಟೊ, ಎಲ್ಲದರದ್ದೂ ನಾಲ್ಕು ನಾಲ್ಕು ಜೆರಾಕ್ಸ್ ತಂದುಬಿಡಿ.

ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಕಾಗದ ನೋಡುತ್ತಾ ಬಂದವರು ಒಂದು ಕಡೆ ನಿಂತರು. ಓಸಿಐ ಕಾರ್ಡಿನಲ್ಲಿರುವ ಪಾಸ್‌ಪೋರ್ಟ್ ನಂಬರ್ ಒಂದು, ಅಕ್ಕನ ಕೈಯಲ್ಲಿರುವ ಪಾಸ್‌ಪೋರ್ಟ್ ನಂಬರ್ ಇನ್ನೊಂದು. ಅವಳು ಕಾರ್ಡ್ ಮಾಡಿಸಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದ್ದಳು, ಕಾರ್ಡಿನಲ್ಲಿ ಹಳೇ ನಂಬರೇ ಉಳಿದಿತ್ತು. ಅದರ ಮೇಲೆ ಕಾರ್ಡಿನಲ್ಲಿ ಅಪ್ಪನ ಹೆಸರು ಸರ್‌ನೇಮ್, ಪಾಸ್‌ಪೋರ್ಟಿನಲ್ಲಿ ಭಾವನ ಹೆಸರು ಸರ್‌ನೇಮ್. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮಂಥವರ ಪಾಡು ಗೊತ್ತಲ್ವಾ? "ಇಬ್ಬರೂ ಒಬ್ಬರೇ ಅಂತ ತೋರಿಸೋದಕ್ಕೆ ಏನಾದರೂ ಇದೆಯಾ? ಹಳೇ ಪಾಸ್‌ಪೋರ್ಟ್?" ಅಂತ ಕೇಳಿದರು. ಅವರು ಕೇಳಿದ್ದು ನ್ಯಾಯವೇ.

ಹಳೇ ಪಾಸ್‌ಪೋರ್ಟ್ ಇತ್ತು. ಹನುಮಂತನಗರದ ಮನೆಯಲ್ಲಿ, ಅಮ್ಮನ ಗೋದ್ರೇಜ್ ಬೀರುವಿನಲ್ಲಿ.

ನನ್ನ ಮಗ ವೈಟ್‌ಫೀಲ್ಡಿನ ಆಫೀಸಿನಲ್ಲಿ, ಅವನು ಮನೆಗೆ ಬರಬೇಕಾದರೆ ಎರಡು ಗಂಟೆ. ಮನೆಯಲ್ಲಿ ಅಮ್ಮ ಒಬ್ಬಳೇ, ವಯಸ್ಸು 81. ಫೋನ್ ಮಾಡಿದೆವು. ಬೀರುವಿನ ಕೀಲಿಕೈ ಸಿಗಲು ಇಪ್ಪತ್ತು ನಿಮಿಷ, ಅದು ದೇವರಮನೆಯ ಅರಿಶಿನದ ಡಬ್ಬಿಯ ಹಿಂದೆ ಇತ್ತು. ಆಮೇಲೆ ಒಂದೊಂದೇ ತೆಗೆದು ಫೋನಿನಲ್ಲಿ ಹೇಳುತ್ತಾ ಹೋದಳು. "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದೆ, ಬೇಕಾ?" "ನಿಮ್ಮಪ್ಪನ ಎಲ್ಐಸಿ ಬಾಂಡು." "ನಿನ್ನ ಮದುವೆ ಲಗ್ನಪತ್ರಿಕೆ, ನೋಡು, ಎಷ್ಟು ಚೆನ್ನಾಗಿತ್ತು." ಅಕ್ಕ ಫೋನ್ ಸ್ಪೀಕರಿಗೆ ಹಾಕಿದ್ದಳು. ಪಕ್ಕದ ಬೆಂಚಿನಲ್ಲಿ ಪರ್ಮಿಟ್ಟಿಗೆ ಕಾದಿದ್ದ ಇಬ್ಬರು ಫ್ರೆಂಚ್ ಹುಡುಗಿಯರಿಗೆ ಒಂದು ಮಾತೂ ಅರ್ಥವಾಗದಿದ್ದರೂ ನಗು ತಡೆಯಲಾಗಲಿಲ್ಲ. ಕೊನೆಗೆ ನೀಲಿ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿತು. ಮಹಡಿ ಮನೆಯ ಬಾಡಿಗೆಯವರ ಮಗಳು ಕೆಳಗೆ ಬಂದು ಫೋಟೊ ತೆಗೆದು ಕಳಿಸಿದಳು. ಆ ಮಗುವಿಗೆ ಒಂದು ದೊಡ್ಡ ಚಾಕೊಲೇಟ್ ಬಾಕಿ ಇದೆ.

ಪಿಯೋದಲ್ಲಿ ನೆಟ್ ಬಂದು ಹೋಗಿ ಮಾಡುತ್ತಿತ್ತು. ಫೋಟೊ ಇಳಿಯಲು ಅರ್ಧ ಗಂಟೆ, ಪ್ರಿಂಟ್ ತೆಗೆಸಲು ಮತ್ತೆ ಬಜಾರು. ಮೂರೂವರೆಗೆ ಪರ್ಮಿಟ್ ಕೈಗೆ ಬಂತು. ಒಂದೇ ಒಂದು ಹಾಳೆ. ರಾಷ್ಟ್ರೀಯತೆ ಅಮೆರಿಕ, ಹುಟ್ಟಿದ ಊರು ಬೆಂಗಳೂರು. ಫೀಸು, ಫೋಟೊ, ಜೆರಾಕ್ಸ್ ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಅಕ್ಕ ಆ ಹಾಳೆಯನ್ನು ಓದಿ ಮಡಚಿ ಪರ್ಸಿಗೆ ಹಾಕಿಕೊಂಡಳು, ಏನೂ ಅನ್ನಲಿಲ್ಲ. ಪರ್ಮಿಟ್ ಕೈಗೆ ಬಂದ ತಕ್ಷಣ ಅದರ ಮೂರು ಜೆರಾಕ್ಸ್ ತೆಗೆಸಿಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಕೇಳಿದಾಗ ಕೊಡಲು ಬೇಕಾಗಬಹುದು.

ಮಂಗಳವಾರ ಹೊರಟೆವು. ಸಟ್ಲೆಜ್ ನದಿಯ ಪಕ್ಕದಲ್ಲೇ ರಸ್ತೆ. ಪಿಯೋ ದಾಟಿ ಸ್ವಲ್ಪ ದೂರಕ್ಕೆ ಮರಗಳು ಕಮ್ಮಿಯಾಗುತ್ತಾ ಹೋಗಿ ಪೂರ್ತಿ ನಿಂತೇಹೋಗುತ್ತವೆ. ಮಳೆಯ ಮೋಡ ಹಿಮಾಲಯದ ಈಚೆಯೇ ಖಾಲಿಯಾಗಿಬಿಡುವುದರಿಂದ ಆಚೆ ಬರೀ ಕಂದು ಬೆಟ್ಟ. ಖಾಬ್ ಅನ್ನುವ ಜಾಗದಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್‌ಗೆ ಸೇರುತ್ತದೆ. ಅಲ್ಲಿಂದ ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಮೇಲೇರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಗುಡ್ಡದಿಂದ ಕಲ್ಲು ಉರುಳಿ ರಸ್ತೆ ಬಂದ್. ಎರಡೂವರೆ ಗಂಟೆ ಕಾದೆವು. ಜೆಸಿಬಿ ಬಂತು, ಒಂದಷ್ಟು ತಳ್ಳಿತು, ಮತ್ತೆ ಕಲ್ಲು ಬಿತ್ತು, ಮತ್ತೆ ತಳ್ಳಿತು. ಲಾರಿಯವರು ಸ್ಟೌ ಹಚ್ಚಿ ಚಹಾ ಮಾಡಿ ನಮಗೂ ಕೊಟ್ಟರು. ನಾವು ಕೋಡುಬಳೆ ಕೊಟ್ಟೆವು.

ಇಲ್ಲಿ ಒಂದು ಮಾತು, ಹೆಂಗಸರಿಗೆ. ಎತ್ತರದ ಕಾಯಿಲೆ ಬಾರದಿರಲಿ ಅಂತ ಡಾಕ್ಟರ್ ನಮಗೆ ಡಯಾಮಾಕ್ಸ್ ಬರೆದುಕೊಟ್ಟಿದ್ದರು. ಅದನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ, ಸಲ್ಫಾ ಔಷಧ ಆಗದವರಿಗೆ ತೊಂದರೆಯಾಗಬಹುದು, ಡಾಕ್ಟರನ್ನು ಕೇಳಿ. ಅದನ್ನು ನುಂಗಿದರೆ ಬೆರಳ ತುದಿ ಜುಮ್ಮೆನ್ನುತ್ತದೆ, ಅದು ಹೆದರುವಂಥದ್ದಲ್ಲ. ಆದರೆ ಮೂತ್ರ ಜಾಸ್ತಿ. ಮರವೂ ಇಲ್ಲ, ಪೊದೆಯೂ ಇಲ್ಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಮಧ್ಯೆ ನಲವತ್ತು ಲಾರಿ. ನಮ್ಮನ್ನು ಕಾಪಾಡಿದ್ದು ಅಮ್ಮನ ಹಳೇ ಹತ್ತಿ ಸೀರೆ, ಚಳಿಗೆ ಹೊದೆಯಲು ಅಂತ ಇಟ್ಟುಕೊಂಡಿದ್ದೆ. ಒಬ್ಬರು ಅಡ್ಡ ಹಿಡಿದರೆ ಆಯಿತು. ನೀವೂ ಒಂದು ಇಟ್ಟುಕೊಳ್ಳಿ.

ರಾತ್ರಿ ನಾಕೋದಲ್ಲಿ ಉಳಿದೆವು. ಇದು ನಮ್ಮ ತಪ್ಪು ಲೆಕ್ಕ. ನಾಕೋ ಸುಮಾರು 3,600 ಮೀಟರ್. ಪಿಯೋದಿಂದ ಒಂದೇ ದಿನಕ್ಕೆ ಸಾವಿರದ ಮುನ್ನೂರು ಮೀಟರ್ ಹತ್ತಿಬಿಟ್ಟಿದ್ದೆವು. ತಾಬೋ ಅದಕ್ಕಿಂತ ಮುಂದೆ ಇದ್ದರೂ ಕೆಳಗಿದೆ, ಸುಮಾರು 3,280 ಮೀಟರ್. ನಕ್ಷೆಯಲ್ಲಿ ದೂರ ನೋಡಿದೆವು, ಎತ್ತರ ನೋಡಲಿಲ್ಲ. ರಾತ್ರಿ ಎರಡು ಗಂಟೆಗೆ ಅಕ್ಕ ಎದ್ದು ಕೂತಳು. ತಲೆ ಸಿಡಿಯುತ್ತಿದೆ, ವಾಂತಿ ಬಂದ ಹಾಗೆ ಆಗುತ್ತಿದೆ ಅಂದಳು. ಬಿಪಿ ನೋಡಿದರೆ ಜಾಸ್ತಿ ಇತ್ತು. ಆ ಹೊತ್ತಿನಲ್ಲಿ ನನಗೆ ಆದ ಹೆದರಿಕೆ ಹೇಳುವುದಕ್ಕಾಗುವುದಿಲ್ಲ. ಡ್ರೈವರನ್ನು ಎಬ್ಬಿಸಿ ಕೆಳಗಿಳಿಯೋಣವಾ ಅಂತ ಕೇಳಿದೆ. ಅವರು ಅಕ್ಕನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು, ಮಾತಾಡಿಸಿದರು. ತೂರಾಡುತ್ತಿಲ್ಲ, ಉಸಿರು ಕಟ್ಟುತ್ತಿಲ್ಲ, ಬೆಳಗಿನವರೆಗೆ ನೋಡೋಣ, ಅದಕ್ಕೆ ಮುಂಚೆ ಜಾಸ್ತಿಯಾದರೆ ಆ ಕ್ಷಣವೇ ಹೊರಡೋಣ ಅಂದು ಗಾಡಿಯನ್ನು ಬಾಗಿಲ ಮುಂದೆಯೇ ತಂದು ನಿಲ್ಲಿಸಿದರು. ನಾವು ಉಳಿದಿದ್ದ ಮನೆಯವರು ಬೆಳ್ಳುಳ್ಳಿ ಸೂಪು ಮಾಡಿಕೊಟ್ಟರು. ಬೆಳಗಾಗುವವರೆಗೆ ನಾನು ಅಕ್ಕನ ಉಸಿರು ಎಣಿಸುತ್ತಾ ಕೂತಿದ್ದೆ. ಪಿಯೋದಲ್ಲಿ ಪರ್ಮಿಟ್ಟಿಗೆ ಅಂತ ಎರಡು ದಿನ ಹೆಚ್ಚಿಗೆ ಕಾಯದೆ ನೇರ ಬಂದಿದ್ದರೆ ಏನಾಗುತ್ತಿತ್ತೋ ಅಂತ ಅವತ್ತು ರಾತ್ರಿ ಅನ್ನಿಸಿದ್ದು ನಿಜ.

ನೀವು ಹೋಗುವುದಾದರೆ ನಾಕೋ ಕೆರೆ ನೋಡಿ, ಊಟ ಮಾಡಿ, ರಾತ್ರಿಗೆ ತಾಬೋಕ್ಕೆ ಇಳಿದುಬಿಡಿ. ಅಲ್ಲಿ ಎರಡು ರಾತ್ರಿ ಮಲಗಿ ಆಮೇಲೆ ಕಾಜಾಕ್ಕೆ ಹೋಗಿ. ಮನಾಲಿ ಕಡೆಯಿಂದ ಬರಬೇಡಿ ಅಂತ ನಾನು ಹೇಳುವುದೂ ಇದಕ್ಕೇ. 2,000 ಮೀಟರಿನಲ್ಲಿ ಎದ್ದು 4,551 ಮೀಟರಿನ ಕುಂಜುಮ್ ಪಾಸ್ ದಾಟಿ ಅವತ್ತೇ ಕಾಜಾದಲ್ಲಿ ಮಲಗುವುದು ನಮ್ಮ ವಯಸ್ಸಿನವರಿಗೆ ಅಲ್ಲ.

ಬುಧವಾರ ಸುಮ್ದೋ ಚೆಕ್‌ಪೋಸ್ಟ್. ಅಕ್ಕ ಇಳಿದು ಪರ್ಮಿಟ್ ತೋರಿಸಿದಳು. ಅಲ್ಲಿದ್ದವರು ರಿಜಿಸ್ಟರಿನಲ್ಲಿ ಬರೆದುಕೊಂಡರು. ನನ್ನ ಆಧಾರ್ ಕೇಳಲೇ ಇಲ್ಲ. ಹತ್ತಿರದಲ್ಲೇ ಗಿಯೂ ಅನ್ನುವ ಹಳ್ಳಿಗೆ ಕವಲು ರಸ್ತೆ ಇದೆ. ಅಲ್ಲಿ ಸುಮಾರು ಐನೂರು ವರ್ಷ ಹಿಂದಿನ ಒಬ್ಬ ಲಾಮಾ ಕೂತ ಭಂಗಿಯಲ್ಲೇ ಮಮ್ಮಿಯಾಗಿ ಉಳಿದಿದ್ದಾರೆ, 1975ರ ಭೂಕಂಪದ ಮೇಲೆ ಹೊರಗೆ ಬಂದದ್ದು. ಅಕ್ಕನ ತಲೆನೋವು ಇನ್ನೂ ಪೂರ್ತಿ ಇಳಿದಿರಲಿಲ್ಲ, ನಾವು ಹೋಗಲಿಲ್ಲ.

ತಾಬೋ.

ಹೊರಗಿನಿಂದ ನೋಡಿ ಅಕ್ಕ, "ಇದಾ?" ಅಂದಳು. ನಿಜವಾಗಿಯೂ ಹಾಗೇ ಇದೆ. ನಮ್ಮ ಗದಗ, ಬಾಗಲಕೋಟೆ ಕಡೆಯ ಮಾಳಿಗೆ ಮನೆಗಳ ಹಾಗೆ ಮಣ್ಣಿನ ದಪ್ಪ ಗೋಡೆ, ಮಣ್ಣಿನ ಚಪ್ಪಟೆ ಚಾವಣಿ, ಕಿಟಕಿಗಳೇ ಇಲ್ಲ ಅನ್ನಬಹುದು. ಗೋಪುರ ಇಲ್ಲ, ಬಣ್ಣ ಇಲ್ಲ. ನಮ್ಮಲ್ಲಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿ ಹತ್ತು ಹದಿನೈದು ವರ್ಷ ಆಗಿತ್ತಷ್ಟೆ, ಆಗ ಪಶ್ಚಿಮ ಟಿಬೆಟಿನ ಗುಗೆ ರಾಜ್ಯದ ದೊರೆ ಯೇಶೆ ಓ ಇದನ್ನು ಕಟ್ಟಿಸಿದ. ಆ ಕಾಲದಲ್ಲಿ ಸಂಸ್ಕೃತದ ಬೌದ್ಧ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಂದ ದೊಡ್ಡ ಅನುವಾದಕ ರಿಂಚೆನ್ ಜಾಂಗ್ಪೋ ಹೆಸರೂ ಇದರ ಜೊತೆ ಸೇರಿಕೊಂಡಿದೆ. 46 ವರ್ಷದ ಮೇಲೆ, 1042ರಲ್ಲಿ, ಅದೇ ವಂಶದ ಜಾಂಗ್‌ಚುಬ್ ಓ ಜೀರ್ಣೋದ್ಧಾರ ಮಾಡಿಸಿದ್ದನ್ನು ಒಳಗೆ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ದಪ್ಪ ಸಾಕ್ಸ್ ಹಾಕಿಕೊಳ್ಳಿ, ನೆಲ ಮಂಜುಗಡ್ಡೆ. ಫೋಟೊ ತೆಗೆಯುವ ಹಾಗಿಲ್ಲ. ಒಳಗೆ ಕತ್ತಲು. ಒಂದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ನಿಧಾನವಾಗಿ ಗೋಡೆಯಿಂದ ಒಬ್ಬೊಬ್ಬರೇ ಹೊರಗೆ ಬಂದ ಹಾಗೆ ಕಂಡರು. ಆಳೆತ್ತರದ ಮೂರ್ತಿಗಳು, ಮಣ್ಣಿನವು, ನೆಲಕ್ಕೆ ತಾಗದೆ ಗೋಡೆಗೆ ಅಂಟಿಕೊಂಡು ಗಾಳಿಯಲ್ಲಿ ಕೂತಿವೆ, ಸುತ್ತ ಮೂವತ್ತಕ್ಕೂ ಜಾಸ್ತಿ. ಮಧ್ಯದಲ್ಲಿ ನಾಲ್ಕು ದಿಕ್ಕಿಗೆ ಮುಖ ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ವೈರೋಚನ, ಅಂದರೆ ಬುದ್ಧನದೇ ಒಂದು ರೂಪ. ನಾವು ಒಂದು ಇಡೀ ದೇವರ ಸಭೆಯ ನಡುವೆ ಹೇಳದೆ ಕೇಳದೆ ನುಗ್ಗಿದ್ದೇವೆ ಅನ್ನಿಸಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಭಾನುವಾರದಿಂದ ಅವಳು ನನ್ನನ್ನು ಮುಟ್ಟಿಯೇ ಇರಲಿಲ್ಲ.

ಮೂರ್ತಿಗಳ ಕೆಳಗೆ ಗೋಡೆಯುದ್ದಕ್ಕೂ ಚಿತ್ರ. ಒಂದು ಕಡೆ ಬುದ್ಧನ ಜೀವನ. ಇನ್ನೊಂದು ಕಡೆ ಸುಧನ ಅನ್ನುವ ಹುಡುಗನ ಕಥೆ. ಅವನು ಜ್ಞಾನ ಬೇಕು ಅಂತ ಒಬ್ಬ ಗುರುವಿನ ಹತ್ತಿರ ಹೋದರೆ ಅವರು ಇಷ್ಟು ಹೇಳಿ, ಮುಂದಿನದಕ್ಕೆ ಇಂಥವರ ಹತ್ತಿರ ಹೋಗು ಅಂತ ಕಳಿಸುತ್ತಾರೆ, ಅವರು ಮತ್ತೊಬ್ಬರ ಹತ್ತಿರ ಕಳಿಸುತ್ತಾರೆ, ಹೀಗೇ ಐವತ್ತರಷ್ಟು ಜನ. ನಾನು ಮೆಲ್ಲಗೆ, "ಅಕ್ಕ, ಇವನಿಗೂ ಪಿಯೋದಲ್ಲಿ ಆದ ಹಾಗೇ ಆಗಿದೆ" ಅಂದೆ. ಆ ನಿಶ್ಶಬ್ದದಲ್ಲಿ ಅವಳಿಗೆ ನಗು ಬಂದು, ಅದನ್ನು ಕೆಮ್ಮಾಗಿ ಮಾಡಿ, ಬೀಗದಕೈ ಹಿಡಿದು ನಿಂತಿದ್ದ ಲಾಮಾ ಗಾಬರಿಯಿಂದ ನೀರು ತರಲು ಹೋದರು.

ಒಳ್ಳೆಯ ಟಾರ್ಚ್ ಒಂದು ತೆಗೆದುಕೊಂಡು ಹೋಗಿ, ಕೇಳಿಕೊಂಡು ಬಳಸಿ. ಮಠದ ಎದುರಿನ ಗುಡ್ಡದಲ್ಲಿ ಗುಹೆಗಳಿವೆ, ಹತ್ತಲು ಕಷ್ಟ, ನಿಧಾನಕ್ಕೆ ಹತ್ತಿದೆ. ಸುತ್ತಲಿನ ಮಣ್ಣಿನ ಸ್ತೂಪಗಳನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ದೊಡ್ಡಬಳ್ಳಾಪುರದ ಹತ್ತಿರದ ರಾಜಘಟ್ಟ. ಅಲ್ಲಿ ಅಗೆದಾಗ ಬೌದ್ಧ ಚೈತ್ಯ, ವಿಹಾರ ಸಿಕ್ಕಿವೆ. ಅಂಗೈಯಲ್ಲಿ ಹಿಡಿಯುವಂಥ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳು ರಾಶಿ ರಾಶಿ ಸಿಕ್ಕಿವೆ. ಮನೆಯಿಂದ ಒಂದೂವರೆ ಗಂಟೆ ದಾರಿ, ನಾನು ಇನ್ನೂ ಹೋಗಿಲ್ಲ.

ಶುಕ್ರವಾರ ಧಂಕರ್ ಮಠ ನೋಡಿಕೊಂಡು ಕಾಜಾ ಸೇರಿದೆವು. ಧಂಕರ್ ಹಿಂದೆ ಸ್ಪಿತಿಯ ರಾಜಧಾನಿ. ಸವೆದು ಗೋಪುರಗಳ ಹಾಗಾದ ಮಣ್ಣಿನ ಗುಡ್ಡದ ತುದಿಯಲ್ಲಿ ಕಟ್ಟಡ ನೇತಾಡುತ್ತಿದೆ, ಕೆಳಗೆ ಸ್ಪಿತಿ ಮತ್ತು ಪಿನ್ ನದಿಗಳ ಸಂಗಮ. ಒಳಗೆ ಒಂದು ಸಲಕ್ಕೆ ಜಾಸ್ತಿ ಜನ ಬೇಡ ಅಂತ ಹೇಳುತ್ತಾರೆ. ನೆಲ ಕಾಲಡಿ ಅಲ್ಲಾಡುವಾಗ ಯಾಕೆ ಅಂತ ಅರ್ಥವಾಗುತ್ತದೆ. ಕಾಜಾದಲ್ಲಿ ಎಟಿಎಂ, ಆಸ್ಪತ್ರೆ, ಪೆಟ್ರೋಲ್ ಬಂಕ್ ಇದೆ. ಯುಪಿಐ ನೆಟ್ ಇದ್ದಾಗ ನಡೆಯುತ್ತದೆ, ಇಲ್ಲದಾಗ ಇಲ್ಲ. ನಾನು ಇಪ್ಪತ್ತು ಸಾವಿರ ನಗದು ಇಟ್ಟುಕೊಂಡಿದ್ದೆ, ಸರಿಹೋಯಿತು.

ಶನಿವಾರ ಕೀ ಮಠ. ಫೋಟೊಗಳಲ್ಲಿ ಬರುತ್ತದಲ್ಲ, ಗುಡ್ಡದ ಮೇಲೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಜೋಡಿಸಿದ ಹಾಗಿರುವುದು, ಅದೇ. ಅಡುಗೆಮನೆಯಲ್ಲಿ ಬಂದವರಿಗೆಲ್ಲ ಚಹಾ ಕೊಡುತ್ತಾರೆ. ನಾವಿಬ್ಬರೂ ಮಾತಾಡುತ್ತಾ ಕೂತಿದ್ದಾಗ ಹಿಂದಿನಿಂದ ಯಾರೋ, "ಹೆಂಗದೀರಿ? ಊಟ ಆತೇನ್ರಿ?" ಅಂದರು. ತಿರುಗಿ ನೋಡಿದರೆ ಕೆಂಪು ಬಟ್ಟೆಯ ಒಬ್ಬ ಲಾಮಾ. ಅಪ್ಪಟ ಸ್ಪಿತಿಯವರು, ಪಕ್ಕದ ಹಳ್ಳಿಯೇ ಅವರ ಊರು. ಓದಿದ್ದು ಮಾತ್ರ ಮುಂಡಗೋಡಿನ ಮಠದಲ್ಲಿ, ಹನ್ನೆರಡು ವರ್ಷ. ನಮ್ಮ ಬೆಂಗಳೂರು ಕನ್ನಡಕ್ಕಿಂತ ಅವರ ಕನ್ನಡವೇ ಗಟ್ಟಿ. "ಗಿರ್ಮಿಟ್ ತಂದೀರೇನ್ರಿ?" ಅಂತ ಕೇಳಿದರು. ಗಿರ್ಮಿಟ್ ಇರಲಿಲ್ಲ, ಉಳಿದಿದ್ದ ಕೋಡುಬಳೆ ಪೂರ್ತಿ ಕೊಟ್ಟೆವು.

ಅಕ್ಕ ಅವರ ಹತ್ತಿರ ಪರ್ಮಿಟ್ ಕಥೆಯನ್ನೆಲ್ಲ ಹೇಳಿದಳು, ಬೀರು ಸಮೇತ. ಅವರು ಕೋಡುಬಳೆ ಕಡಿಯುತ್ತಾ ಕೇಳಿಸಿಕೊಂಡರು. "ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಾಗ ನನಗೂ ಎಲ್ಲಾರೂ ಫಾರಿನ್ನವ ಅಂತಿದ್ರು ರೀ. ನಾ ಇಂಡಿಯಾದವನ ಅದೀನಿ ಅಂದ್ರ ನಂಬತಿದ್ದಿಲ್ಲ. ಆಮ್ಯಾಲೆ ಕನ್ನಡ ಕಲತೆ. ಆಗ ಇನ್ನೂ ಜಾಸ್ತಿ ಆಶ್ಚರ್ಯ ಪಟ್ರು, ಫಾರಿನ್ನವ ಕನ್ನಡ ಮಾತಾಡತಾನ ಅಂತ!" ಅಕ್ಕ ಎಷ್ಟು ನಕ್ಕಳು ಅಂದರೆ ಆ ಎತ್ತರದಲ್ಲಿ ಉಸಿರು ಸಾಲದೆ ಗೋಡೆ ಹಿಡಿದು ಕೂರಬೇಕಾಯಿತು.

ಭಾನುವಾರ ಲಾಂಗ್ಜಾ, ಹಿಕ್ಕಿಂ, ಕೋಮಿಕ್. ಎಲ್ಲರೂ ಹೋಗುವ ಸುತ್ತು, ಜಾಸ್ತಿ ಬರೆಯುವುದಿಲ್ಲ. ಲಾಂಗ್ಜಾದಲ್ಲಿ ಮಕ್ಕಳು ಸುರುಳಿ ಸುರುಳಿ ಕಲ್ಲು ತಂದು ತೋರಿಸುತ್ತಾರೆ. ಈ ಜಾಗ ಒಂದು ಕಾಲದಲ್ಲಿ ಟೆಥಿಸ್ ಸಮುದ್ರದ ತಳ, ಅದರ ಜೀವಿಗಳ ಪಳೆಯುಳಿಕೆ ಅವು. ನೋಡಿ, ಕೊಳ್ಳಬೇಡಿ. ಹಿಕ್ಕಿಂನಲ್ಲಿ 4,400 ಮೀಟರ್ ಎತ್ತರದಲ್ಲಿ ಅಂಚೆ ಕಚೇರಿ ಇದೆ, 1983ರಿಂದ. ಅಮ್ಮನಿಗೆ ಒಂದು ಕಾರ್ಡ್ ಹಾಕಿದೆವು. ಇನ್ನೂ ಬಂದಿಲ್ಲ.

ವಾಪಸ್ ಬಂದದ್ದು ಕುಂಜುಮ್ ಪಾಸ್ ಮೇಲೆ. ಅಷ್ಟೊತ್ತಿಗೆ ಮೈ ಒಗ್ಗಿತ್ತು, ತೊಂದರೆಯಾಗಲಿಲ್ಲ. ರಸ್ತೆ ಅಂತ ಹೇಳುವ ಹಾಗಿಲ್ಲ, ನದಿಯ ಕಲ್ಲಿನ ಮೇಲೆ ಗಾಡಿ ಹೋಗುತ್ತದೆ, ನಡುವೆ ಹಳ್ಳಗಳು. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ನೀರು ಏರುವ ಮುಂಚೆ ದಾಟಬೇಕು, ಅದಕ್ಕೆ ಬೆಳಗ್ಗೆ ಐದಕ್ಕೇ ಹೊರಡಿ. ಕೊನೆಗೆ 9 ಕಿಲೋಮೀಟರಿನ ಅಟಲ್ ಸುರಂಗ, ಆಚೆ ಬಂದರೆ ಹಸಿರು, ಮನಾಲಿ. ಹಸಿರು ನೋಡಿ ಕಣ್ಣಿಗೆ ಒಂಥರಾ ಆಯಿತು.

ಖರ್ಚು ಕೇಳುವವರಿಗೆ: ವಿಮಾನ ಹೋಗಿ ಬರಲು ತಲಾ 14,500. ಟ್ಯಾಕ್ಸಿ ಹದಿಮೂರು ದಿನಕ್ಕೆ 68,000, ಇಬ್ಬರಿಗೆ ಹಂಚಿಕೊಂಡೆವು, ಇದೇ ದೊಡ್ಡ ಹೊಡೆತ. ರೂಮು ಊಟ ತಲಾ 17,000ದ ಹತ್ತಿರ. ಸಣ್ಣಪುಟ್ಟದ್ದು ಸೇರಿ ಒಬ್ಬರಿಗೆ 67,000 ಆಯಿತು. ಮಂಡಿ ಗಟ್ಟಿ ಇರುವವರು ಪಿಯೋದಿಂದ ಕಾಜಾಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೋಗಬಹುದು, ತುಂಬಾ ಉಳಿಯುತ್ತದೆ.

ಮನೆಗೆ ಬಂದ ರಾತ್ರಿ ಅಮ್ಮ ಮೊದಲು ಕೇಳಿದ್ದು, "ಆ ಕಾಗದ ಸಿಕ್ತಾ?" ಅಂತ. ಅಕ್ಕ ಪರ್ಸಿನಿಂದ ಪರ್ಮಿಟ್ ತೆಗೆದು ಕೊಟ್ಟಳು. ಅಮ್ಮ ಕನ್ನಡಕ ಹಾಕಿಕೊಂಡು ಅಕ್ಕನ ಫೋಟೊ ನೋಡಿ, "ಎಷ್ಟು ಸೊರಗಿದ್ದೀಯ" ಅಂದಳು. ಆಮೇಲೆ ಅದನ್ನು ಹಳೇ ಪಾಸ್‌ಪೋರ್ಟಿನ ಜೊತೆ ನೀಲಿ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅದರ ಅವಧಿ ಮುಗಿಯುತ್ತೆ ಅಮ್ಮ, ಇಟ್ಟುಕೊಂಡು ಏನೂ ಉಪಯೋಗ ಇಲ್ಲ ಅಂದೆ. "ಇರಲಿ ಬಿಡು. ಕೀಲಿಕೈ ಈ ಸಲ ಡಬ್ಬಿ ಮುಂದೆಯೇ ಇಟ್ಟಿದ್ದೀನಿ" ಅಂದಳು.